ಮರಳ ಮೇಲಿನ ಒಂಟಿ ಹವಳ

(ತಿರುಮಣಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚುರೂಪ)



ಪಾವಗಡ ಸೀಮೆಗೆ ಬಂದು ಸಮುದ್ರದ ಕಥೆ ಹೇಳುವವನ ತಲೆ ನೆಟ್ಟಗಿದೆಯೇ ಎಂದು ಆಹ್ವಾನ ಪತ್ರಿಕೆ ನೋಡಿದ ಕೆಲವರಿಗಾದರೂ ಅನ್ನಿಸಿರಬೇಕು. ತಪ್ಪಿಲ್ಲ. ಇಲ್ಲಿ ಕೊಳವೆಬಾವಿ ನೂರಾರು ಅಡಿ ಇಳಿದ ಮೇಲೂ ಬರುವುದು ಫ್ಲೋರೈಡಿನ ನೀರು. ನಾಗಲಮಡಿಕೆಯ ಹತ್ತಿರ ಉತ್ತರ ಪಿನಾಕಿನಿ ಹರಿಯುತ್ತದೆ ಎಂಬುದನ್ನು ವರ್ಷದ ಬಹುಭಾಗ ಬರೀ ಮರಳು ನೋಡಿಕೊಂಡು ನಂಬಬೇಕು. ಆದರೂ ಮಧುಗಿರಿ, ಕೊರಟಗೆರೆ ಕಡೆಯ ಜಯಮಂಗಲಿ, ಸುವರ್ಣಮುಖಿಗಳ ನೀರನ್ನು ಕೂಡಿಸಿಕೊಂಡು ಅದೇ ಹೊಳೆ ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿಗೆ ಸೇರುತ್ತದೆ. ಸಮುದ್ರದ ಜತೆ ನಿಮ್ಮ ಲೆಕ್ಕಾಚಾರ ಹೊಸದೇನಲ್ಲ. ಇಲ್ಲಿ ಸುರಿದ ಅಷ್ಟಿಷ್ಟು ಮಳೆಯನ್ನು ನೀವು ಅದಕ್ಕೆ ಕೊಡುತ್ತಲೇ ಬಂದಿದ್ದೀರಿ.

ಇವತ್ತಿನ ವಿಷಯ ಅಣಬೆ ಹವಳ. ಬಂಡೆಗೆ ಅಂಟಿಕೊಳ್ಳದೆ, ಗುಂಪಿಗೆ ಬೆಸೆದುಕೊಳ್ಳದೆ, ಮರಳು ಮತ್ತು ಪುಡಿಗಲ್ಲಿನ ಮೇಲೆ ಒಂಟಿಯಾಗಿ ಕೂತು ಬಿಸಿಲಿನ ಬಲದಲ್ಲಿ ಬದುಕುವ ಒಂದು ಪ್ರಾಣಿ. ಅದರ ಬಗ್ಗೆ ನಾನು ಹೇಳಬೇಕಾದದ್ದು ಒಂದೇ ಮಾತು. ನಾವು ಯಾವ ಜಾಗವನ್ನು ಬೀಳು ಎಂದು ಲೆಕ್ಕದಿಂದ ಕೈಬಿಡುತ್ತೇವೋ ಅಲ್ಲೇ ಅದರ ಮನೆಯಿದೆ, ಆದ್ದರಿಂದ ಆ ಜಾಗ ಲೆಕ್ಕಕ್ಕೆ ಬರುವತನಕ ಯಾವ ಕಾನೂನು ಮಾಡಿದರೂ ಅದು ಉಳಿಯುವುದಿಲ್ಲ. ಈ ಮಾತು ಕಡಲೂರಿನವರಿಗಿಂತ ತಿರುಮಣಿಯವರಿಗೆ ಬೇಗ ಅರ್ಥವಾದೀತು ಎಂಬ ನಂಬಿಕೆಯಿಂದಲೇ ಈ ವಿಷಯ ಹಿಡಿದುಕೊಂಡು ಬಂದೆ.

ಹವಳ ಎಂದ ಕೂಡಲೇ ಉಂಗುರದ ಕೆಂಪು ಹರಳು ನೆನಪಾಗುವುದು ಸಹಜ. ಶನಿಮಹಾತ್ಮನ ಗುಡಿಯಿರುವ ತಾಲ್ಲೂಕು ನಿಮ್ಮದು. ಶನಿಗೆ ನೀಲ, ಕುಜನಿಗೆ ಹವಳ ಎಂಬುದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಆ ಕೆಂಪು ಹವಳ ಮೆಡಿಟರೇನಿಯನ್ ಕಡಲಿನದು, ರೋಮನ್ನರ ಕಾಲದಿಂದಲೂ ಹಡಗಿನಲ್ಲಿ ನಮ್ಮ ದೇಶಕ್ಕೆ ಬಂದದ್ದು. ನಾನು ಹೇಳಹೊರಟಿರುವ ಹವಳಕ್ಕೂ ಅದಕ್ಕೂ ದೂರದ ನೆಂಟಸ್ತಿಕೆ ಮಾತ್ರ. ಇದನ್ನು ಉಂಗುರಕ್ಕೆ ಕೂರಿಸಲು ಬರುವುದಿಲ್ಲ. ಬಾರದೆ ಇದ್ದದ್ದೇ ಅದರ ಪುಣ್ಯ.

ಸಾಮಾನ್ಯವಾಗಿ ಹವಳದ ಬಂಡೆ ಎಂದು ನಾವು ಚಿತ್ರದಲ್ಲಿ ನೋಡುವುದು ಕೆಲವೇ ಮಿಲಿಮೀಟರ್ ಗಾತ್ರದ ಸಾವಿರಾರು ಜೀವಿಗಳು ಒಂದಕ್ಕೊಂದು ಬೆಸೆದುಕೊಂಡು ಕಟ್ಟಿದ ಸುಣ್ಣದ ಕಟ್ಟಡ. ಪ್ರತಿ ಜೀವಿಗೂ ಒಂದು ಬಾಯಿ, ಬಾಯಿಯ ಸುತ್ತ ಪುಟ್ಟ ಎಳೆಗೈಗಳು. ಈ ಒಂದೊಂದು ಜೀವಿಯ ಹೆಸರು ಪಾಲಿಪ್. ಅಣಬೆ ಹವಳದಲ್ಲಿ ಹಾಗಲ್ಲ, ಇಡೀ ಹವಳವೇ ಒಂದು ಪಾಲಿಪ್. ಒಂದು ದುಂಡನೆಯ ತಟ್ಟೆ, ನಡುವೆ ಸೀಳಿದಂತೆ ಒಂದೇ ಒಂದು ಬಾಯಿ. ಫಂಜಿಯಾ ಫಂಜೈಟಿಸ್ ಎಂಬ ಜಾತಿ ಪೂರ್ತಿ ಬೆಳೆದಾಗ ಅಡಿಯ ಹತ್ತಿರ ಅಗಲವಾಗಬಲ್ಲದು. ಒಂದೇ ಪಾಲಿಪ್ ಇಷ್ಟು ದೊಡ್ಡದಾಗುವುದು ಹವಳಗಳಲ್ಲಿ ಅಪರೂಪ. ಇದಕ್ಕೆ ಜಾತಿಯ ಹೆಸರಿಟ್ಟವನು ಸ್ವೀಡನ್ನಿನ ಲಿನೇಯಸ್, 1758ರಲ್ಲಿ. ಆ ಮೇಲೆ ಅಣಬೆ ಹವಳಗಳೆಲ್ಲ ಸೇರಿ ಒಂದು ದೊಡ್ಡ ಕುಟುಂಬವಾಯಿತು. ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಬರ್ಟ್ ಹುಕ್ಸೆಮಾ ಎಂಬ ವಿಜ್ಞಾನಿ ಇವುಗಳ ಹಿಂದೆಯೇ ಆಯಸ್ಸು ಕಳೆದರು. 1989ರಲ್ಲಿ ಅವರು ಕುಟುಂಬದ ವಂಶಾವಳಿಯನ್ನು ಬರೆದರು. 2011ರಲ್ಲಿ ಡಿಎನ್ಎ ನೋಡಿ ಅವರೂ ಜತೆಗಾರರೂ ಅದನ್ನು ತಿದ್ದಿದಾಗ, ಮೊದಲು ಹಲವಾರು ಜಾತಿಗಳಿದ್ದ ಫಂಜಿಯಾ ಕುಲದಲ್ಲಿ ಉಳಿದದ್ದು ಇದೊಂದೇ. ಒಂಟಿ ಹವಳ ಕುಲದಲ್ಲೂ ಒಂಟಿಯಾಯಿತು.

ಒಂದನ್ನು ಜೇಬಿನಲ್ಲಿ ತಂದು ನಿಮ್ಮ ಕೈಗಿಟ್ಟಿದ್ದರೆ ಈ ವಿವರಣೆಯೇ ಬೇಡವಾಗುತ್ತಿತ್ತು. ತರುವ ಹಾಗಿಲ್ಲ. 2001ರಲ್ಲಿ ಕೇಂದ್ರ ಸರ್ಕಾರ ಕಲ್ಲುಹವಳದ ಎಲ್ಲ ಜಾತಿಗಳನ್ನೂ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಗೆ, ಅಂದರೆ ಹುಲಿ, ಆನೆ ಇರುವ ಪಟ್ಟಿಗೆ ಸೇರಿಸಿತು. ಸತ್ತು ಒಣಗಿದ ಹವಳದ ತುಂಡನ್ನು ಇಟ್ಟುಕೊಳ್ಳುವುದೂ ಅಪರಾಧ. ಶಿಕ್ಷೆ 3 ವರ್ಷದಿಂದ 7 ವರ್ಷ. ಹಾಗಾಗಿ ಈಗ ಮಕ್ಕಳ ಕೈಯಲ್ಲಿ ತಿರುಗುತ್ತಿರುವ ಫೋಟೊಗಳಿಂದಲೇ ತೃಪ್ತಿಪಡಬೇಕು. ಮೊದಲನೆಯದು ಸತ್ತ ಹವಳದ ಮೇಲ್ಮೈ. ನಡುವಿನ ಬಾಯಿಯಿಂದ ಅಂಚಿನವರೆಗೆ ತೆಳ್ಳನೆಯ ಅಲಗುಗಳು ಹೊರಟಿವೆ ನೋಡಿ. ಎಲ್ಲವೂ ಒಂದೇ ಎತ್ತರದವಲ್ಲ. ಎರಡು ಎತ್ತರದ ಅಲಗುಗಳ ನಡುವೆ ಒಂದು ಗಿಡ್ಡ, ಅದರ ಆಚೀಚೆ ಇನ್ನೂ ಗಿಡ್ಡ. ಕಣ್ಣು ಹತ್ತಿರ ತಂದರೆ ಅಲಗಿನ ಅಂಚಿನುದ್ದಕ್ಕೂ ಹಲ್ಲುಗಳು ಕಾಣುತ್ತವೆ. ಈ ಹಲ್ಲು ಚೂಪೋ ಮೊಂಡೋ ಎಂಬುದರ ಮೇಲೆ ಒಂದು ಕಾಲದಲ್ಲಿ ಜಾತಿ ನಿರ್ಣಯವಾಗುತ್ತಿತ್ತು. ಎರಡನೆಯ ಫೋಟೊ ಕೆಳಮೈಯದು. ಅಲ್ಲಿ ಮುಳ್ಳುಮುಳ್ಳು. ಎಳೆಯ ಹವಳವಾದರೆ ನಟ್ಟನಡುವೆ ಒಂದು ಗಾಯದ ಗುರುತು ಇರುತ್ತದೆ. ಮುದಿಯಾಗುತ್ತ ಅದು ಮುಚ್ಚಿಹೋಗುತ್ತದೆ. ಇದರ ಹುಟ್ಟಿನ ಕಥೆಯೆಲ್ಲ ಆ ಗಾಯದಲ್ಲಿದೆ.

ಹುಟ್ಟುವಾಗ ಇದು ಬಿಡಿಯಲ್ಲ, ಅಲೆಮಾರಿಯೂ ಅಲ್ಲ. ನೀರಿನಲ್ಲಿ ತೇಲಿಬಂದ ಮರಿ ಗಟ್ಟಿ ಜಾಗ ಹುಡುಕಿ, ಹೆಚ್ಚಾಗಿ ಸತ್ತ ಹವಳದ ಮೇಲೆ, ಕೂರುತ್ತದೆ. ಅಲ್ಲಿ ಒಂದು ಕಾಂಡ ಬೆಳೆಸಿ ಅದರ ತುದಿಯಲ್ಲಿ ತಟ್ಟೆಯನ್ನು ಅರಳಿಸುತ್ತದೆ. ಆ ಹೊತ್ತಿಗೆ ನೋಡಿದರೆ ಕೊಡೆ ಬಿಚ್ಚಿದ ಅಣಬೆಯೇ ಸರಿ. ತಟ್ಟೆ ಒಂದು ಅಳತೆಗೆ ಬಂದ ಮೇಲೆ ಕಾಂಡ ಸೇರುವಲ್ಲಿನ ಸುಣ್ಣವನ್ನು ಹವಳ ತಾನೇ ಕರಗಿಸುತ್ತದೆ. ತಟ್ಟೆ ಕಳಚಿ ಮರಳಿಗೆ ಬೀಳುತ್ತದೆ. ಕಾಂಡಕ್ಕೆ ಜೀವವಿದ್ದರೆ ಅದೇ ತುದಿಯಲ್ಲಿ ಇನ್ನೊಂದು ತಟ್ಟೆ ಚಿಗುರುತ್ತದೆ. ಕಾಂಡದ ಹವಳ, ಮರಳಿನ ಹವಳ ಎರಡೂ ಒಂದೇ ಪ್ರಾಣಿಯ ಎರಡು ವಯಸ್ಸುಗಳು ಎಂಬುದನ್ನು ಸ್ಯಾಮ್ಯುಯಲ್ ಸ್ಟಚ್‌ಬರಿ ಎಂಬ ಇಂಗ್ಲಿಷ್ ನಿಸರ್ಗಶಾಸ್ತ್ರಜ್ಞ 1830ರಲ್ಲೇ ಬರೆದಿಟ್ಟಿದ್ದಾನೆ.

ಮರಳಿನ ಮೇಲೆ ಕೂತವನಿಗೆ ಕಷ್ಟ ಒಂದೆರಡಲ್ಲ. ಅಲೆ ಬಂದು ಬೋರಲು ಹಾಕುತ್ತದೆ. ಮೀನು ಕೆದಕಿ ಮೈಮೇಲೆ ಮರಳೆರಚುತ್ತದೆ. ಹೂಳು ಬಂದು ಮುಚ್ಚುತ್ತದೆ. ಬಂಡೆಗಂಟಿದ ಹವಳಕ್ಕೆ ಇದರಲ್ಲಿ ಒಂದು ಬಂದರೂ ಸಾಕು. ಅಣಬೆ ಹವಳ ಮೈಯೊಳಗೆ ನೀರು ತುಂಬಿಕೊಂಡು ಉಬ್ಬುತ್ತದೆ, ಲೋಳೆ ಬಿಡುತ್ತದೆ, ಮರಳನ್ನು ಅಂಚಿನಿಂದ ಆಚೆ ಜಾರಿಸುತ್ತದೆ. ಬೋರಲಾದ ಸಣ್ಣ ತಟ್ಟೆಗಳು ಒಂದು ಬದಿಯನ್ನು ಉಬ್ಬಿಸಿ ಉಬ್ಬಿಸಿ ಗಂಟೆಗಟ್ಟಲೆ ಹೆಣಗಿ ಮತ್ತೆ ಮೇಲ್ಮುಖವಾಗುತ್ತವೆ. ನಡೆಯುತ್ತವೆ ಕೂಡ. ಸೈಕ್ಲೊಸೆರಿಸ್ ಎಂಬ ಪುಟ್ಟ ಅಣಬೆ ಹವಳ ಹೇಗೆ ನಡೆಯುತ್ತದೆಂದು ಆಸ್ಟ್ರೇಲಿಯಾದ ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡ್ ತಂತ್ರಜ್ಞಾನ ವಿಶ್ವವಿದ್ಯಾಲಯದ ಬ್ರೆಟ್ ಲೂಯಿಸ್ ಮತ್ತು ಸಂಗಡಿಗರು ಗಂಟೆಗಟ್ಟಲೆ ಕ್ಯಾಮೆರಾ ಇಟ್ಟು ಹಿಡಿದರು. 2025ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ಮೈಯ ಅಂಚನ್ನು ಉಬ್ಬಿಸುವುದು, ಕುಗ್ಗಿಸುವುದು, ಜೆಲ್ಲಿ ಮೀನು ಈಜುವಾಗ ಮಾಡುವಂತೆ ತಾಳಕ್ಕೆ ಮಿಡಿಯುವುದು, ಹೀಗೆ ಚೂರುಚೂರೇ ಮುಂದಕ್ಕೆ. ಬಿಳಿ ಬೆಳಕಿಗಿಂತ ನೀಲಿ ಬೆಳಕಿನತ್ತ ಅದು ಹೆಚ್ಚು ಹುರುಪಿನಿಂದ ಹೊರಟಿತು. ನೀಲಿ ಬೆಳಕೆಂದರೆ ಆಳದ ನೀರು. ಅಲೆಯ ಹೊಡೆತ ಕಡಿಮೆಯಿರುವ ಆಳಕ್ಕೆ, ತನ್ನಂಥವು ಇರುವ ಕಡೆಗೆ ಅದು ವಲಸೆ ಹೋಗುತ್ತದೆ ಎಂದು ಅವರ ಊಹೆ. ಕಣ್ಣಿಲ್ಲ, ಮಿದುಳಿಲ್ಲ, ಕಾಲಿಲ್ಲ. ಗುಳೆ ಹೋಗುವುದು ಮಾತ್ರ ಗೊತ್ತಿದೆ.

ಒಂಟಿ ಎಂದೆನಲ್ಲ, ಅದಕ್ಕೊಂದು ತಿದ್ದುಪಡಿ ಬೇಕು. ಮೈ ಒಂಟಿ, ವಾಸ ಒಂಟಿಯಲ್ಲ. ಒಳ್ಳೆಯ ಜಾಗ ಸಿಕ್ಕಿದರೆ ನೂರಾರು ತಟ್ಟೆಗಳು, ಹತ್ತಾರು ಜಾತಿಯವು, ಒಂದರ ಮೇಲೊಂದು ಹೇರಿಕೊಂಡು ಬಿದ್ದಿರುತ್ತವೆ. ಹವಳಗಳ ಲೋಕದಲ್ಲಿ ಇದು ಸೋಜಿಗ. ಏಕೆಂದರೆ ಹವಳಗಳು ಅಕ್ಕಪಕ್ಕದವರನ್ನು ಸಹಿಸುವ ಜಾತಿಯಲ್ಲ, ಅಂಚು ತಾಗಿದರೆ ಕುಟುಕಿ ಕೊಲ್ಲುತ್ತವೆ. ಅಣಬೆ ಹವಳವೂ ಪರಕೀಯ ಹವಳ ಮೈಗೆ ತಾಗಿದರೆ ತನ್ನ ಲೋಳೆಯಿಂದ ಅದನ್ನು ಸುಟ್ಟ ಹಾಗೆ ಮಾಡುತ್ತದೆ. ಸ್ವಂತ ಬಳಗದವರ ತಂಟೆಗೆ ಮಾತ್ರ ಹೋಗುವುದಿಲ್ಲ.

ಊಟದ ವಿಷಯಕ್ಕೆ ಬಂದರೆ, ದೊಡ್ಡ ಬಾಯಿ ಇದ್ದವರಿಗೆ ಇರುವ ಅನುಕೂಲ ಇದಕ್ಕೂ ಉಂಟು. 2009ರಲ್ಲಿ ಕೆಂಪು ಸಮುದ್ರದ ಐಲಾತ್ ಬಳಿ ಇಸ್ರೇಲಿ ಸಂಶೋಧಕರು ಅಣಬೆ ಹವಳವೊಂದು ಇಡೀ ಚಂದ್ರಜೆಲ್ಲಿ ಮೀನನ್ನು ನುಂಗುತ್ತಿರುವುದನ್ನು ಕಂಡರು. ಹವಳ ಜೆಲ್ಲಿ ಮೀನನ್ನು ತಿಂದದ್ದಕ್ಕೆ ಅದೇ ಮೊದಲ ದಾಖಲೆ. ಇನ್ನೂ ವಿಚಿತ್ರ ಸಂಗತಿಯನ್ನು ಯೋಸಿ ಲೋಯಾ ಮತ್ತು ಕಝುಹಿಕೊ ಸಕಾಯ್ ಜಪಾನಿನ ಒಕಿನಾವಾದಲ್ಲಿ ಕಂಡು 2008ರಲ್ಲಿ ಬರೆದರು. ಕೆಲವು ಅಣಬೆ ಹವಳಗಳು ಗಂಡಿನಿಂದ ಹೆಣ್ಣಾಗುತ್ತವೆ, ಮತ್ತೆ ಹೆಣ್ಣಿನಿಂದ ಗಂಡಾಗುತ್ತವೆ. ಮೊಟ್ಟೆ ಕಟ್ಟಲು ಶಕ್ತಿ ಹೆಚ್ಚು ಬೇಕು, ಮೈಯಲ್ಲಿ ಕಸುವಿರುವಾಗ ಹೆಣ್ಣು, ಕಸುವು ಕುಗ್ಗಿದಾಗ ಗಂಡು ಎಂದು ಅವರು ಕಾರಣ ಕಟ್ಟಿದರು. ಮುಂದಿನ ಸಾಲಿನ ಹೆಂಗಸರು ನಗುತ್ತಿದ್ದೀರಿ. ನಾನು ಮುಂದಕ್ಕೆ ಹೋಗುತ್ತೇನೆ.

ಈ ಜೆಲ್ಲಿ ಮೀನಿನ ಹಬ್ಬದೂಟ ಯಾವಾಗಲೋ ಒಮ್ಮೆ. ದಿನದ ಕೂಳು ಬರುವುದು ಸೂರ್ಯನಿಂದ. ಹವಳದ ಮಾಂಸದೊಳಗೆ ಕಣ್ಣಿಗೆ ಕಾಣದ ಏಕಕೋಶ ಪಾಚಿಗಳು ಲಕ್ಷಗಟ್ಟಲೆ ವಾಸವಾಗಿವೆ. ಅವು ಬಿಸಿಲಿನಿಂದ ಸಕ್ಕರೆ ಮಾಡಿ, ಅದರ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತವೆ. ಹವಳದ ಬಣ್ಣವೂ ಬಹುಮಟ್ಟಿಗೆ ಅವುಗಳದೇ. ಇಲ್ಲಿಗೆ ಬಂದಾಗ ತಿರುಮಣಿಯಲ್ಲಿ ಉದಾಹರಣೆ ಹುಡುಕಬೇಕಾಗಿಯೇ ಇಲ್ಲ. ಈ ಸಭಾಂಗಣದಿಂದ ಹೊರಗೆ ಕಾಲಿಟ್ಟರೆ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಐದು ಊರುಗಳ 13,000 ಎಕರೆಯಲ್ಲಿ ಆಕಾಶಕ್ಕೆ ಮುಖಮಾಡಿ ಕೂತ ಸೌರ ಫಲಕಗಳಿವೆ, ಎಲ್ಲ ಸೇರಿ 2,050 ಮೆಗಾವಾಟ್. ಅಣಬೆ ಹವಳ ಮಾಡುವುದೂ ಇದೇ ಕಸುಬು, ಮುಖ ಮೇಲೆ ಮಾಡಿ ಬಿಸಿಲು ಹಿಡಿಯುವುದು. ಬಿಸಿಲು ಬೇಕು, ಬಿಸಿ ಬೇಡ ಎಂಬ ಗುಟ್ಟೂ ಎರಡಕ್ಕೂ ಒಂದೇ. ಈ ಸೌರ ಪಾರ್ಕಿನಲ್ಲಿ ಕೆಲಸ ಮಾಡುವ ಹುಡುಗರಿಗೆ ಇದು ಗೊತ್ತು. ಫಲಕದ ಮೈ 25 ಡಿಗ್ರಿ ದಾಟಿದ ಮೇಲೆ ಏರುವ ಒಂದೊಂದು ಡಿಗ್ರಿಗೂ ಉತ್ಪಾದನೆ ಶೇಕಡಾ 0.4ರಷ್ಟು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನದ ಉರಿಗಿಂತ ತಂಪು ಗಾಳಿಯ ದಿನದ ಬಿಸಿಲೇ ಫಲಕಕ್ಕೆ ಹಿತ.

ಫಲಕಕ್ಕೆ ನಷ್ಟ ಅಷ್ಟರಲ್ಲೇ ಮುಗಿಯುತ್ತದೆ, ಸಂಜೆ ತಣ್ಣಗಾದರೆ ಸರಿಹೋಯಿತು. ಹವಳಕ್ಕೆ ಹಾಗಿಲ್ಲ. ಬೇಸಿಗೆಯ ಗರಿಷ್ಠ ಮಟ್ಟಕ್ಕಿಂತ ನೀರು ಒಂದು ಡಿಗ್ರಿ ಹೆಚ್ಚು ಕಾದು ಹಾಗೇ ಕೆಲವು ವಾರ ನಿಂತರೆ ಸಾಕು, ಒಳಗಿನ ಪಾಚಿಗಳು ವಿಷಕಾರಕ ವಸ್ತುಗಳನ್ನು ಬಿಡತೊಡಗುತ್ತವೆ. ಹವಳ ಅವನ್ನು ಹೊರದಬ್ಬುತ್ತದೆ. ಬಣ್ಣ ಹೋಗಿ ಬಿಳಿಯ ಸುಣ್ಣದ ಮೈ ಕಾಣುತ್ತದೆ. ಆಗಿನ್ನೂ ಅದು ಸತ್ತಿಲ್ಲ, ಉಪವಾಸ ಬಿದ್ದಿದೆ ಅಷ್ಟೆ. ನೀರು ಬೇಗ ತಣಿದರೆ ಪಾಚಿಗಳು ಮರಳುತ್ತವೆ. ತಣಿಯದಿದ್ದರೆ ಉಪವಾಸದಲ್ಲೇ ಸಾಯುತ್ತದೆ.

ನಮಗೆ ಹತ್ತಿರದ ಅಣಬೆ ಹವಳ ಎಲ್ಲಿದೆ? ಕರ್ನಾಟಕಕ್ಕೂ ಹವಳವುಂಟು, ಮುರುಡೇಶ್ವರದಿಂದ ಕಾಣುವ ನೇತ್ರಾಣಿ ದ್ವೀಪದ ಸುತ್ತ ಬಂಡೆಗೆ ಹಬ್ಬಿದ, ಗುಂಡುಗುಂಡಾದ ಹವಳಗಳಿವೆ. ಆ ದ್ವೀಪವನ್ನು ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿದ್ದು, ಅದರ ವಿರುದ್ಧ ಕರಾವಳಿಯಲ್ಲಿ ಕೂಗೆದ್ದದ್ದು ಎಲ್ಲ ಪತ್ರಿಕೆಗಳಲ್ಲಿ ಬಂದಿವೆ. ಆದರೆ ಅಣಬೆ ಹವಳವನ್ನು ಹುಡುಕಲು ನಾವು ಮಂಗಳೂರಿನಿಂದ ಪಶ್ಚಿಮಕ್ಕೆ ಸುಮಾರು 300 ಕಿಲೋಮೀಟರ್ ಹೋಗಬೇಕು, ಲಕ್ಷದ್ವೀಪಕ್ಕೆ. ಅಂಡಮಾನಿನಲ್ಲಿ ಇನ್ನೂ ಸಮೃದ್ಧವಾಗಿದೆ, ಆದರೆ ಲಕ್ಷದ್ವೀಪಕ್ಕೆ ನಮ್ಮ ಜತೆ ಒಂದು ಹಳೆಯ ಋಣವಿದೆ. ಅಮಿನಿ, ಕಡಮತ್, ಕಿಲ್ತನ್, ಚೆಟ್ಲಾಟ್, ಬಿತ್ರಾ ಈ ಅಮೀನ್‌ದಿವಿ ದ್ವೀಪಗಳು 18ನೇ ಶತಮಾನದ ಕೊನೆಗೆ ಕಣ್ಣಾನೂರಿನ ಅರಕ್ಕಲ್ ಬೀಬಿಯ ಕೈತಪ್ಪಿ ಟಿಪ್ಪುವಿನ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಅವನ್ನು ಮಂಗಳೂರಿನ ಕಲೆಕ್ಟರಿಗೆ ಒಪ್ಪಿಸಿದರು. ಅಲ್ಲಿಂದ ಒಂದೂವರೆ ಶತಮಾನ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ದ್ವೀಪದವರ ನಾರು, ಕೊಬ್ಬರಿ ಮಂಜಿಗಳಲ್ಲಿ ಮಂಗಳೂರಿನ ಬಂದರಿಗೆ ಬರುವುದು, ಇಲ್ಲಿಂದ ಅಕ್ಕಿ ಹೋಗುವುದು. ನಾವು ರಾಜ್ಯೋತ್ಸವ ಆಚರಿಸುವ 1956ರ ನವೆಂಬರ್ 1ರಂದೇ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಹೋಗದಿದ್ದಿದ್ದರೆ ಅಣಬೆ ಹವಳ ಇವತ್ತು ಕರ್ನಾಟಕದ ಪ್ರಾಣಿ.

ಆ ದ್ವೀಪಗಳ ಅಂಕಿಅಂಶ ಒಂದನ್ನು ಮಕ್ಕಳು ಬರೆದುಕೊಳ್ಳಿ. 36 ದ್ವೀಪಗಳ ನೆಲವೆಲ್ಲ ಸೇರಿ 32 ಚದರ ಕಿಲೋಮೀಟರ್. ಹವಳದ ದಿಬ್ಬಗಳ ನಡುವೆ ಸಿಕ್ಕ, ಅಲೆಯಿಲ್ಲದ ಆಳವಿಲ್ಲದ ನೀರಿಗೆ ಲಗೂನ್ ಎನ್ನುತ್ತಾರಲ್ಲ, ಅದು 4,200 ಚದರ ಕಿಲೋಮೀಟರ್. ದ್ವೀಪದವರ ಬದುಕೆಲ್ಲ ಆ ನೀರಿನಲ್ಲಿದೆ. ಅವರ ಮುಖ್ಯ ಕಸುಬು ಗಾಳದ ಕೋಲಿನಲ್ಲಿ ಟ್ಯೂನಾ ಮೀನು ಹಿಡಿಯುವುದು. ಅದಕ್ಕೆ ಬೇಕಾದ ಜೀವಂತ ಮರಿಮೀನು ಸಿಗುವುದು ಲಗೂನಿನಲ್ಲಿ. ಟ್ಯೂನಾ ಹೊರಗಡಲಿನದಾದ್ದರಿಂದ ಹವಳದಿಬ್ಬದ ಮೀನುಗಳ ಮೇಲೆ ಕೈ ಬೀಳಲಿಲ್ಲ, ಪಾಚಿ ಮೇಯುವ ಮೀನುಗಳು ಉಳಿದವು, ಅವು ಉಳಿದದ್ದರಿಂದ ಪೆಟ್ಟು ತಿಂದ ಹವಳ ಚೇತರಿಸಿಕೊಳ್ಳಲು ದಾರಿಯಾಯಿತು. ಕಾನೂನಿನ ಒತ್ತಾಯವಿಲ್ಲದೆ ಒಂದು ಕಸುಬು ತಾನಾಗಿ ಮಾಡಿದ ಸಂರಕ್ಷಣೆ ಅದು. ಈಗ ಹವಳದಿಬ್ಬದ ಮೀನಿಗೂ ಮಾರುಕಟ್ಟೆ ಬಂದು ಆ ಹಳೆಯ ಕ್ರಮ ಸಡಿಲವಾಗುತ್ತಿದೆ.

ಈ ದಿಬ್ಬಗಳನ್ನು 1998ರಿಂದ ಬಿಡದೆ ನೋಡುತ್ತಿರುವುದು ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್. ರೋಹನ್ ಆರ್ಥರ್ ಮತ್ತು ಜತೆಗಾರರು ಕಡಲು ಕಾದ 1998ರ ಎಲ್ ನಿನೋದಲ್ಲಿ ಅಲ್ಲಿನ ಹವಳ ಬಿಳಿಚಿ ಸತ್ತದ್ದನ್ನು ಕಂಡರು. ಆಮೇಲೆ 2010, ಮತ್ತೆ 2016. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಸಿಗುವ ಬಿಡುವು ಸಾಲದಾಯಿತು. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ 24 ವರ್ಷ ಅಳೆದ ಮೇಲೆ ಜೀವಂತ ಹವಳದ ಹೊದಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. 2024ರ ಏಪ್ರಿಲ್‌ನಲ್ಲಿ ಜಗತ್ತಿನ ಹವಳಕ್ಕೆ ನಾಲ್ಕನೇ ಜಾಗತಿಕ ಬಿಳಿಚುವಿಕೆ ಬಡಿದಿದೆ ಎಂದು ಅಮೆರಿಕದ ಸಾಗರ ಸಂಸ್ಥೆ ಸಾರಿತು. ಮೇ ತಿಂಗಳಲ್ಲಿ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಲಕ್ಷದ್ವೀಪದ ಸುದ್ದಿ ತಂದಿತು, ಅಲ್ಲೂ ಅದೇ. ಅದೇ ವರ್ಷದ ನವೆಂಬರ್‌ನಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ 892 ಹವಳ ಜಾತಿಗಳ ಲೆಕ್ಕ ಹಾಕಿ ಶೇಕಡಾ 44 ಅಳಿವಿನ ಅಂಚಿಗೆ ಸರಿದಿವೆ ಎಂದಿತು. 2008ರ ಲೆಕ್ಕದಲ್ಲಿ ಅದು ಮೂರನೇ ಒಂದು ಪಾಲು. ನಡೆಯಬಲ್ಲ, ಮಗುಚಬಲ್ಲ, ಲಿಂಗ ಬದಲಿಸಬಲ್ಲ ನಮ್ಮ ಅಣಬೆ ಹವಳಕ್ಕೆ ಇಡೀ ಕಡಲೇ ಕಾದರೆ ನಡೆದು ಹೋಗಲು ಜಾಗ ಎಲ್ಲಿದೆ?

ಹಾಗೆಂದು ಎಲ್ಲವನ್ನೂ ಬಿಸಿಯ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಬಿಸಿ ಯಾರದೂ ಅಲ್ಲದ ಅಪರಾಧ, ಎಲ್ಲರೂ ಅದರ ಹೆಸರು ಹೇಳಿ ಕೈತೊಳೆಯಬಹುದು. ಅಣಬೆ ಹವಳಕ್ಕೆ ಇನ್ನೆರಡು ಶತ್ರುಗಳಿವೆ. ಒಂದು ಅಕ್ವೇರಿಯಂ ವ್ಯಾಪಾರ. ಬಂಡೆ ಒಡೆಯಬೇಕಿಲ್ಲ, ಉಳಿ ಸುತ್ತಿಗೆ ಬೇಕಿಲ್ಲ, ಮುಳುಗಿ ಕೈಯಲ್ಲಿ ಎತ್ತಿಕೊಂಡು ಬಂದರಾಯಿತು. ಬಿಡಿಯಾಗಿ ಕೂರುವ ಗುಣವೇ ಇದಕ್ಕೆ ಮುಳುವಾಯಿತು. ಹೀಲಿಯೋಫಂಜಿಯಾ ಎಂಬ ಉದ್ದ ಎಳೆಗೈಗಳ ಅಣಬೆ ಹವಳ ಇಂಡೋನೇಷ್ಯಾದಿಂದ ಹೀಗೆ ಜಗತ್ತಿನ ಗಾಜಿನ ತೊಟ್ಟಿಗಳಿಗೆಲ್ಲ ಹೋಯಿತು. 2008ರಲ್ಲೇ ಅದು ಅಪಾಯದ ಪಟ್ಟಿ ಸೇರಿತು. ಅದರ ಎಳೆಗೈಗಳ ನಡುವೆಯೇ ಬದುಕುವ ಕೊಳವೆಮೀನು, ಸಿಗಡಿಗಳಿವೆ. ಹವಳ ಹೋದರೆ ಅವುಗಳ ಮನೆಯೂ ಹೋಯಿತು. ನಮ್ಮ ದೇಶದಲ್ಲಿ ವ್ಯಾಪಾರಕ್ಕೆ ಕಾನೂನಿನ ಅಡ್ಡಿಯಿದೆ, ಅದು ಬಿಗಿಯಾಗಿಯೇ ಇದೆ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಪ್ರಾಣಿ ಇದು. ಅಂಗೈಯಗಲದ ಒಂದನ್ನು ಎತ್ತಿದವನು ಎಷ್ಟೋ ವರ್ಷಗಳ ಬೆಳೆಯನ್ನು ಎತ್ತಿದ ಹಾಗೆ.

ಎರಡನೆಯ ಶತ್ರು ಲಗೂನಿನ ಕಾಮಗಾರಿ. ಅದಕ್ಕೆ ಕಾನೂನಿನ ಅಡ್ಡಿ ಅಷ್ಟು ಬಿಗಿಯಲ್ಲ. ಅಣಬೆ ಹವಳ ಇರುವುದು ಹವಳದಿಬ್ಬದ ಕಣ್ಣು ಕುಕ್ಕುವ ಭಾಗದಲ್ಲಿ ಅಲ್ಲ. ದಿಬ್ಬದ ಬುಡದಲ್ಲಿ, ಎರಡು ದಿಬ್ಬಗಳ ನಡುವಿನ ಮರಳಿನಲ್ಲಿ, ಬಿರುಗಾಳಿ ಮುರಿದು ಹಾಕಿದ ಪುಡಿಗಲ್ಲಿನ ರಾಶಿಯಲ್ಲಿ. ಪ್ರವಾಸಿಯ ಕ್ಯಾಮೆರಾ ಅಲ್ಲಿಗೆ ತಿರುಗುವುದಿಲ್ಲ. ಹಡಗಿಗೆ ದಾರಿ ಬೇಕೆಂದು ಲಗೂನಿನ ಹೂಳೆತ್ತುವಾಗ ಮೊದಲು ಯಂತ್ರ ಇಳಿಯುವುದು, ಲಂಗರು ಬೀಳುವುದು, ಕಂಬ ನೆಡುವುದು ಅಲ್ಲೇ. ನಕ್ಷೆಯಲ್ಲಿ ಅದು ಬರೀ ಮರಳು, ಯಾರಿಗೂ ಏನೂ ನಷ್ಟವಿಲ್ಲ. ಮಿನಿಕಾಯ್, ಕಡಮತ್, ಸುಹೇಲಿಗಳ ಲಗೂನಿನಲ್ಲಿ ನೀರಿನ ಮೇಲೆ ಐಷಾರಾಮಿ ವಿಲ್ಲಾಗಳನ್ನು ಕಟ್ಟುವ ಯೋಜನೆ ನೀತಿ ಆಯೋಗದಿಂದ ಬಂತು. ಲಗೂನಿನಲ್ಲೇ ಕಂಬ ಇಳಿಸಬೇಕಲ್ಲ ಎಂದು ಹವಳ ಬಲ್ಲವರು ಗಾಬರಿಯಾದರು. ಅದಕ್ಕೂ ಮುಂಚೆ ಸುಪ್ರೀಂ ಕೋರ್ಟು ದ್ವೀಪಗಳ ವಿಷಯಕ್ಕೆ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಸಮಿತಿ ನೇಮಿಸಿತ್ತು; ಕರ್ನಾಟಕ ಹೈಕೋರ್ಟಿನಲ್ಲಿ ಬಹುಕಾಲ ನ್ಯಾಯಮೂರ್ತಿಯಾಗಿದ್ದ ರವೀಂದ್ರನ್ ಅವರೇ. ಯಾವ ಕಾಮಗಾರಿಯೂ ದ್ವೀಪಗಳ ಸಮಗ್ರ ನಿರ್ವಹಣಾ ಯೋಜನೆಗೆ ಹೊಂದಿರಬೇಕು, ಚುನಾಯಿತ ಪಂಚಾಯತಿಯನ್ನು ಕೇಳಬೇಕು ಎಂಬುದು ಆ ಸಮಿತಿಯ ನಿಲುವು. ದ್ವೀಪದ ಪಂಚಾಯತಿಗೆ ಲಗೂನ್ ಎಂದರೆ ಏನೆಂದು ಗೊತ್ತು. ದಿಲ್ಲಿಯ ನಕ್ಷೆಗೆ ಅದು ನೀಲಿ ಬಣ್ಣ.

ಈಗ ತಿರುಮಣಿಗೆ ಬರೋಣ. 2015ರಲ್ಲಿ ಸೌರ ಪಾರ್ಕಿನ ನಿಗಮ ಹುಟ್ಟಿದಾಗ, ಹೊರಗಿನವರು ಈ ಸೀಮೆಯ ಬಗ್ಗೆ ಆಡಿದ ಮಾತು ಏನಿತ್ತು? ಮಳೆಯಿಲ್ಲ, ಬೆಳೆಯಿಲ್ಲ, ಕಡಲೆಕಾಯಿ ಹಾಕಿ ಸಾಲ ತೀರಿಸಲಾಗದೆ ಜನ ಬೆಂಗಳೂರಿಗೆ ಹೋಗುತ್ತಿದ್ದಾರೆ, ಬರಡು ನೆಲ. ಜಮೀನಿದ್ದವರಿಗೆ ಆಗ ನಿಗದಿಯಾದ ಗುತ್ತಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಜಮೀನು ಮಾರದೆ ಗುತ್ತಿಗೆಗೆ ಕೊಟ್ಟದ್ದು ಒಳ್ಳೆಯ ತೀರ್ಮಾನವೆಂದೇ ನನ್ನ ಅಭಿಪ್ರಾಯ. ಕಲ್ಲಿದ್ದಲಿನ ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಆಕಾಶಕ್ಕೆ ಹೋಗುತ್ತದೆ. ಆ ಅನಿಲ ತಡೆಯುವ ಶಾಖದ ಬಹುಪಾಲನ್ನು, ಶೇಕಡಾ 90ರಷ್ಟನ್ನು, ಹೀರುವುದು ಸಮುದ್ರ. ರಾಯಚೂರು, ಬಳ್ಳಾರಿಗಳ ಕುಲುಮೆ ಉರಿಸಬೇಕಾಗಿದ್ದ ಒಂದೊಂದು ಯೂನಿಟ್ಟನ್ನು ತಿರುಮಣಿಯ ಬಿಸಿಲಿನಿಂದ ತೆಗೆದಾಗ ಕಡಮತ್ತಿನ ನೀರಿಗೆ ಹೋಗುವ ಕಾವು ಅಷ್ಟು ತಪ್ಪುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಲು, ಆದರೆ ಪಾಲಂತೂ ಹೌದು. ಹವಳದ ರಕ್ಷಣೆಗೆ ದ್ವೀಪದವರು ಏನು ಮಾಡಿದರೂ ಮಾಡಲಾಗದ ಕೆಲಸವೊಂದನ್ನು ಒಳನಾಡಿನವರು ಮಾಡಬಹುದು, ನೀವು ಮಾಡುತ್ತಿದ್ದೀರಿ.

ಅಷ್ಟಕ್ಕೇ ಚಪ್ಪಾಳೆ ತಟ್ಟಿ ಕೂರಲಾಗದು. ಆ 13,000 ಎಕರೆ ಬೀಳಾಗಿರಲಿಲ್ಲ ಎಂಬುದು ಜಮೀನಿಲ್ಲದ ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ಗೊತ್ತು. ಗುತ್ತಿಗೆ ಹಣ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಕಳೆ ಕೀಳುವ ಕೆಲಸ ಹೋದವರಿಗೆ, ಮೇವಿನ ದಾರಿಗೆ ತಂತಿಬೇಲಿ ಬಂದವರಿಗೆ ಗುತ್ತಿಗೆ ಪತ್ರವಿಲ್ಲ. ಕುರಿಯ ಜತೆಗೆ ಆ ಹುಲ್ಲಿನಲ್ಲಿ ಮೊಲ, ಗೌಜಲಕ್ಕಿ, ನರಿ, ಉಡಗಳೂ ಇದ್ದವು, ಅವುಗಳನ್ನು ಎಣಿಸಿದವರು ಯಾರು? ಹವಳ ಉಳಿಸುವ ಕರೆಂಟೂ ಒಂದು ಬೀಳನ್ನು ನುಂಗಿಯೇ ಬರುತ್ತದೆ ಎಂಬುದನ್ನು ಮುಚ್ಚಿಟ್ಟು ನಾನು ನಿಮ್ಮನ್ನು ಹೊಗಳಿದರೆ ಅದು ದತ್ತಿ ಉಪನ್ಯಾಸವಾಗುವುದಿಲ್ಲ, ಜಾಹೀರಾತಾಗುತ್ತದೆ. ಇದೇ ಕಷ್ಟ ಶರಾವತಿಯಲ್ಲೂ ಇದೆ. ಬಿಸಿಲಿನ ಕರೆಂಟನ್ನು ರಾತ್ರಿಗೆ ಕೂಡಿಡಲು 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಬೇಕೆಂದು ಸಿಂಗಳೀಕಗಳ ಕಾಡಿಗೆ ಕೈಹಾಕುತ್ತಿದ್ದಾರೆ.

ಬೀಳು ಎಂದವರ ಕೈಯಿಂದ ಒಂದು ನೆಲವನ್ನು ಉಳಿಸಿಕೊಂಡ ಉದಾಹರಣೆ ನಿಮ್ಮ ಪಕ್ಕದಲ್ಲೇ ಇದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. ಅಲ್ಲಿನ ಹುಲ್ಲುಗಾವಲಿನ ಮೇಲೂ ನೀಲಗಿರಿ ನೆಡುವವರ ಕಣ್ಣಿತ್ತು. ಅಲ್ಲಿ ಕೃಷ್ಣಮೃಗಗಳು ಹಿಂಡುಹಿಂಡಾಗಿ ಇರುವುದನ್ನು ತುಮಕೂರಿನ ನಿಸರ್ಗಪ್ರಿಯರು ವರ್ಷಗಟ್ಟಲೆ ಎಣಿಸಿ, ಬರೆದು, ಒತ್ತಾಯಿಸಿದ ಮೇಲೆ 2007ರಲ್ಲಿ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು, 798 ಎಕರೆ. ಅಲ್ಲಿ ಮರವಿಲ್ಲವೆಂದು ಯಾರೂ ಈಗ ದೂರುವುದಿಲ್ಲ. ಕೃಷ್ಣಮೃಗಕ್ಕೆ ಬೇಕಿರುವುದೇ ಮರವಿಲ್ಲದ ಬಯಲು, ಅಣಬೆ ಹವಳಕ್ಕೆ ಬೇಕಿರುವುದೇ ಬಂಡೆಯಿಲ್ಲದ ಮರಳು. ಎರಡನ್ನೂ ಉಳಿಸಲು ಮೊದಲ ಕೆಲಸ ಎಣಿಸುವುದು, ಬರೆದಿಡುವುದು. ಲಕ್ಷದ್ವೀಪದಲ್ಲಿ 24 ವರ್ಷ ಅಳೆದ ಪುಸ್ತಕಗಳಿಲ್ಲದಿದ್ದರೆ ಅರ್ಧ ಹವಳ ಹೋದದ್ದು ಇವತ್ತು ಯಾರಿಗೂ ತಿಳಿಯುತ್ತಿರಲಿಲ್ಲ, ಮೊದಲಿಂದಲೂ ಇಷ್ಟೇ ಇತ್ತು ಎಂದು ಸುಮ್ಮನಾಗುತ್ತಿದ್ದೆವು.

ಆದ್ದರಿಂದ ನನ್ನ ಕೋರಿಕೆ ಎರಡು. ಮುಂದೆ ಎಂದಾದರೂ ಕಡಲ ತೀರಕ್ಕೋ ದ್ವೀಪಕ್ಕೋ ಪ್ರವಾಸ ಹೋದಾಗ ದಡದಲ್ಲಿ ಬಿದ್ದ ಹವಳದ ಚೂರನ್ನು, ಅದು ಎಷ್ಟೇ ಒಣಗಿರಲಿ, ಚೀಲಕ್ಕೆ ಹಾಕಬೇಡಿ, ಅಂಗಡಿಯಲ್ಲಿ ಮಾರುತ್ತಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಎರಡನೆಯದು ಹೈಸ್ಕೂಲಿನ ಮಕ್ಕಳಿಗೆ ಮತ್ತು ಮೇಷ್ಟ್ರುಗಳಿಗೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ನಿಮ್ಮ ಪಂಚಾಯತಿಗೆ ಹೋಗಿ ಆ ಪುಸ್ತಕ ಕೇಳಿ. ಫಲಕಗಳ ಸಾಲಿನ ನಡುವೆ, ಬೇಲಿಯ ಆಚೆ, ಕುಂಟೆಯ ದಂಡೆಯಲ್ಲಿ, ಗೋಮಾಳದಲ್ಲಿ ಇವತ್ತು ಯಾವ ಹುಲ್ಲಿದೆ, ಯಾವ ಹಕ್ಕಿ ಗೂಡು ಕಟ್ಟಿದೆ, ಯಾವುದು ಪಾರ್ಕು ಬಂದ ಮೇಲೆ ಕಾಣಿಸುತ್ತಿಲ್ಲ ಎಂಬುದನ್ನು ಊರಿನ ಕುರಿಗಾಹಿಗಳನ್ನು ಕೂರಿಸಿಕೊಂಡು ಅದರಲ್ಲಿ ಬರೆಯಿರಿ. ಗುತ್ತಿಗೆಯ ಅವಧಿ ಮುಗಿದು ಈ ನೆಲ ನಿಮ್ಮ ಕೈಗೆ ಮರಳುವ ದಿನ ಆ ಪುಸ್ತಕ ನಿಮಗೆ ಪಹಣಿಯಷ್ಟೇ ಬೇಕಾಗುತ್ತದೆ. ಈ ಬೇಸಿಗೆ ರಜೆಯಲ್ಲೇ ಶುರುಮಾಡಿ.